ಜಡೆ ಹಾಕಿಸಿಕೊಂಡ ಕಾಕಾ, ಒತ್ತೆ ಹೋದ ಹುಡುಗರು

ಬಳಗಾನೂರಿನ ಮನೆಯ ಪಡಸಾಲೆಯಲ್ಲಿ, ಗಡಿಯಾರದ ಕೆಳಗೆ, ಕಟ್ಟು ಹಾಕಿಸಿದ ಒಂದು ಫೋಟೋ ಇದೆ. ಮೂರು ವರ್ಷದ ಕೂಸು. ಜರಿಯಂಚಿನ ಲಂಗ, ಚೌರಿ ಸೇರಿಸಿ ಹೆಣೆದ ಮೊಗ್ಗಿನ ಜಡೆ, ಜಡೆ ಕಾಣಲೆಂದು ಬೆನ್ನ ಹಿಂದೆ ಒಂದು ಕನ್ನಡಿ. ಕಪ್ಪು-ಬಿಳುಪು ಫೋಟೋದ ಮೇಲೆ ಸ್ಟುಡಿಯೋದವನು ಕುಂಚದಿಂದ ಬಣ್ಣ ತುಂಬಿದ್ದಾನೆ. ಲಂಗಕ್ಕೆ ಕೆಂಪು, ಕೆನ್ನೆಗೆ ಗುಲಾಬಿ, ತುಟಿಗೆ ಎಲಿಅಡಿಕೆ ಹಾಕಿಕೊಂಡಷ್ಟು ರಂಗು. ಎಡ ಅಂಚಿನಿಂದ ಯಾರದೋ ಒಂದು ಕೈ ಬಂದು ಕೂಸಿನ ಸೊಂಟ ಹಿಡಿದಿದೆ. ನಾಲ್ಕು ಬೆರಳು, ಎರಡು ಬಳೆ, ಅಷ್ಟೆ. ಆ ಕೈಗೆ ಮಾತ್ರ ಬಣ್ಣವಿಲ್ಲ. ಬೂದಿಯ ಹಾಗೆ ಉಳಿದಿದೆ.

"ಈಕಿ ಯಾರು ದೊಡ್ಡವ್ವ?" ಎಂದು ಚಿಕ್ಕವನಿದ್ದಾಗ ಕೇಳಿದ್ದೆ.

"ಈಕಿ ಅಲ್ಲೋ ತಮ್ಮಾ, ಈತ. ನಿಮ್ಮ ಕಾಕಾ! ಜವಳ ತೆಗಿಸೋಕಿಂತ ಮೊದ್ಲು ಒಂದ್ಸಲ ಜಡಿ ಹಾಕಿ ನೋಡಬೇಕಂತ ನಮಗ ಆಸಿ."

ಕಾಕಾ ಎರೆಹೊಲದ ಮಣ್ಣಿನ ಬಣ್ಣದವ. ಕಾಲುವೆ ನೀರು ಬಂದ ಮೇಲೆ ಜೋಳ ಬಿಟ್ಟು ಭತ್ತ ಹಚ್ಚಿದ ಕಾಲದಿಂದ ಮೊಣಕಾಲುದ್ದ ಕೆಸರಿನಲ್ಲಿ ನಿಂತವ. ಮನೆಗೆ ಬಂದ ಬೀಗರೆಲ್ಲ ಆ ಫೋಟೋ ನೋಡಿ ನಗುವಾಗ ತಾನೂ ನಕ್ಕು, "ಜಡಿ ಇರ್ಲಿ ಬಿಡ್ರಿ, ಅಷ್ಟು ಕೆಂಪಗ ಇದ್ದವ ಯಾವಾನೋ, ನಾ ಅಲ್ಲ" ಎನ್ನುತ್ತಿದ್ದ. ಜಡೆ ಹಾಕಿದ್ದು ಮನೆಯವರ ಆಸೆ, ಕೆಂಪು ಮಾಡಿದ್ದು ಸ್ಟುಡಿಯೋದವನ ಆಸೆ. ಕೂಸಿನದು ಏನಿತ್ತು ಎಂದು ಯಾರೂ ಕೇಳಿರಲಿಕ್ಕಿಲ್ಲ.

ಅಮೆರಿಕ ಇನ್ನೂ ಇಂಗ್ಲಿಷರ ವಸಾಹತು ಆಗಿದ್ದಾಗ ಬರೆದ ಮಕ್ಕಳ ಚಿತ್ರಪಟಗಳ ಪುಸ್ತಕವೊಂದು ಕೈಗೆ ಸಿಕ್ಕಾಗ ನನಗೆ ಮೊದಲು ನೆನಪಾದದ್ದು ಈ ಫೋಟೋ. ಬಾಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ರಾಬರ್ಟ್ ಗಿಬ್ಸ್ ಎಂಬ ಮಗುವಿನ ಚಿತ್ರವಿದೆ. ವಯಸ್ಸು ನಾಲ್ಕೂವರೆ, ಇಸವಿ 1670 ಎಂದು ಚಿತ್ರದ ಮೇಲೆಯೇ ಬರೆದಿದೆ. ಕಪ್ಪು-ಬಿಳಿ ಚೌಕದ ನೆಲದ ಮೇಲೆ ನೆಟ್ಟಗೆ ನಿಂತಿದ್ದಾನೆ. ಗಂಡುಹುಡುಗನೇ, ಆದರೆ ಉಟ್ಟದ್ದು ಉದ್ದ ಲಂಗ. ಆ ಕಾಲದ ಅಲ್ಲಿಯ ರೂಢಿಯೇ ಹಾಗೆ. ಆರೇಳು ವರ್ಷವಾಗುವ ತನಕ ಗಂಡಿಗೂ ಲಂಗ, ಆಮೇಲೆ ಒಂದು ದಿನ ಚಲ್ಲಣ ತೊಡಿಸಿ, ನೆಂಟರಿಷ್ಟರ ಮುಂದೆ ನಿಲ್ಲಿಸಿ, ಇನ್ನು ಇವ ಗಂಡಸು ಎನ್ನುವುದು. ನಮ್ಮಲ್ಲಿ ಜವಳಕ್ಕೆ ಬಂಧುಬಳಗ ಕರೆದ ಹಾಗೆ. ಮಕ್ಕಳ ಕೊರಳಿಗೆ ಹವಳದ ಸರ ಹಾಕುತ್ತಿದ್ದರು. ಹಲ್ಲು ಬರುವಾಗ ಕಚ್ಚಲು ಹವಳದ ತುಂಡಿಗೆ ಬೆಳ್ಳಿಗೆಜ್ಜೆ ಕಟ್ಟಿ ಕೊಡುತ್ತಿದ್ದರು. ಹವಳ ರೋಗ ತಡೆಯುತ್ತದೆ, ಕೆಟ್ಟ ದೃಷ್ಟಿ ಓಡಿಸುತ್ತದೆ ಎಂಬ ನಂಬಿಕೆ. ನಮ್ಮ ಕೂಸುಗಳ ಬಜೆ, ಕರಿಮಣಿ, ಉಡದಾರಗಳನ್ನು ಮೂಢನಂಬಿಕೆ ಎಂದು ಬರೆದಿಟ್ಟ ಪಾದ್ರಿಗಳು ತಮ್ಮೂರಿನ ಈ ಚಿತ್ರಗಳನ್ನು ಒಮ್ಮೆ ನೋಡಬೇಕಿತ್ತು.

ಇವನ್ನು ಬರೆದವರಲ್ಲಿ ಹೆಚ್ಚಿನವರ ಹೆಸರು ಉಳಿದಿಲ್ಲ. ಅಂಗಡಿಯ ಬೋರ್ಡು ಬರೆಯುವುದು, ಗಾಡಿಗೆ ಬಣ್ಣ ಹೊಡೆಯುವುದು, ನಡುವೆ ಕರೆದವರ ಮನೆಯಲ್ಲಿ ಮುಖ ಬರೆಯುವುದು. ನಮ್ಮ ಕಡೆ ಜಾತ್ರೆಯ ನಾಟಕದ ಪರದೆ ಬರೆದವರೇ ಲಾರಿಯ ಹಿಂದೆ ನವಿಲು ಬರೆದ ಹಾಗೆ. ವೂಸ್ಟರ್ ಊರಿನ ಸಂಗ್ರಹಾಲಯದಲ್ಲಿರುವ ಎಲಿಜಬೆತ್ ಫ್ರೀಕ್ ಮತ್ತು ಮಗು ಮೇರಿಯ ಚಿತ್ರ ಬರೆದವನೂ ಅನಾಮಿಕನೇ. ಈ ಚಿತ್ರಕ್ಕೆ ಎಕ್ಸ್-ರೇ ಹಿಡಿದು ನೋಡಿದಾಗ ಒಳಗೆ ಬೇರೆಯೇ ಚಿತ್ರವಿತ್ತು. 1671ರ ಹೊತ್ತಿಗೆ ಬರೆದಾಗ ಮಗು ಇರಲೇ ಇಲ್ಲ. ತಾಯಿ ಒಬ್ಬಳೇ ಕುಳಿತಿದ್ದಳು, ಕೈಗಳು ಮಡಿಲಲ್ಲಿದ್ದವು. 1674ರಲ್ಲಿ ಮೇರಿ ಹುಟ್ಟಿದ ಮೇಲೆ ಚಿತ್ರಗಾರನನ್ನು ಮತ್ತೆ ಕರೆಸಿ, ಆರು ತಿಂಗಳ ಕೂಸನ್ನು ತೊಡೆಯ ಮೇಲೆ ನಿಲ್ಲಿಸಿ ಬರೆಸಿದ್ದಾರೆ. ಅದಕ್ಕಾಗಿ ತಾಯಿಯ ಕೈಗಳನ್ನು ಬಣ್ಣದಿಂದ ಮುಚ್ಚಿ, ಮಗುವನ್ನು ಹಿಡಿದ ಹಾಗೆ ಹೊಸದಾಗಿ ಬರೆಯಬೇಕಾಯಿತು. ಬಣ್ಣದ ಅಡಿಯಲ್ಲಿ ಹಳೆಯ ಕೈಗಳು ಈಗಲೂ ಇವೆ.

ಇದೆಲ್ಲ ಬಾಸ್ಟನ್ನಿನವರ ಮಾತು, ಇದಕ್ಕೂ ನಮಗೂ ಏನು ಎಂದು ಪುಸ್ತಕ ಮುಚ್ಚಿಡಬಹುದಿತ್ತು. ಆದರೆ ಅದೇ ಬಾಸ್ಟನ್ನಿನಲ್ಲಿ ಹುಟ್ಟಿದ ಚಿತ್ರಗಾರನೊಬ್ಬ ನಮ್ಮ ನಾಡಿನ ಇಬ್ಬರು ಹುಡುಗರನ್ನೂ ಬರೆದಿದ್ದಾನೆ. ಹುಡುಗರನ್ನು ಅವನು ಕಣ್ಣಿಂದ ನೋಡಿರಲಿಲ್ಲ.

ಅವನ ಹೆಸರು ಮ್ಯಾಥರ್ ಬ್ರೌನ್. ಹುಟ್ಟಿದ್ದು 1761ರಲ್ಲಿ, ಬಾಸ್ಟನ್ ಇನ್ನೂ ಬ್ರಿಟಿಷ್ ವಸಾಹತಿನ ಊರಾಗಿದ್ದಾಗ. ತಾಯಿಯ ತಂದೆ ಮ್ಯಾಥರ್ ಬೈಲ್ಸ್ ರಾಜನಿಷ್ಠ ಪಾದ್ರಿ. ಬ್ರೌನ್ 1781ರಲ್ಲಿ ಲಂಡನ್ನಿಗೆ ಹೋಗಿ, ತನ್ನಂತೆಯೇ ಅಮೆರಿಕದಿಂದ ಬಂದಿದ್ದ ಬೆಂಜಮಿನ್ ವೆಸ್ಟ್ ಬಳಿ ಪಳಗಿದ. ಜೆಫರ್ಸನ್ ಮತ್ತು ಜಾನ್ ಆಡಮ್ಸ್ ಇಬ್ಬರೂ ಅವನೆದುರು ಕುಳಿತು ಚಿತ್ರ ಬರೆಸಿಕೊಂಡಿದ್ದಾರೆ. ಅವನು ಲಂಡನ್ನಿಗೆ ಹೋದ ಅದೇ 1781ರ ಅಕ್ಟೋಬರ್‌ನಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ತನ್ನ ಸೈನ್ಯವನ್ನೆಲ್ಲ ವಾಷಿಂಗ್ಟನ್ನನಿಗೆ ಒಪ್ಪಿಸಿ ಶರಣಾದ. ಆ ಶರಣಾಗತಿಗೆ, ಮೈಗೆ ಹುಷಾರಿಲ್ಲ ಎಂದು ಹೇಳಿ ತಾನು ಹೋಗದೆ, ಕೈಕೆಳಗಿನವನ ಕೈಯಲ್ಲಿ ಕತ್ತಿ ಕಳಿಸಿದ. ಅಮೆರಿಕ ಕಳೆದುಕೊಂಡು ಬಂದ ಈ ದೊರೆಯೇ ಹತ್ತು ವರ್ಷ ಕಳೆದ ಮೇಲೆ ಶ್ರೀರಂಗಪಟ್ಟಣದ ಕೋಟೆಯ ಹೊರಗೆ ಡೇರೆ ಹಾಕಿದ. ಅಲ್ಲಿ ಕಳೆದ ಮಾನವನ್ನು ಇಲ್ಲಿ ಗಳಿಸಿದ್ದನ್ನು ಬಾಸ್ಟನ್ನಿನ ಕುಂಚ ಮೆರೆಸಿತು. ಇನ್ನೊಂದು ಮಾತು. ಅಮೆರಿಕನ್ನರು ಬ್ರಿಟಿಷರ ಮೇಲೆ ಕಾದಾಡುತ್ತಿದ್ದಾಗ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ 'ಹೈದರ್ ಅಲಿ' ಎಂದು ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಅದು ಬ್ರಿಟಿಷರ ಹಡಗೊಂದನ್ನು ಸೆರೆ ಹಿಡಿಯಿತು. ಮತ್ತೆ ಹತ್ತು ವರ್ಷಕ್ಕೆ ಆ ಹೈದರನ ಮೊಮ್ಮಕ್ಕಳು ಬ್ರಿಟಿಷರ ಕೈಗೆ ಬಂದರು.

1792ರ ಫೆಬ್ರವರಿ 26. ಮೂರನೆಯ ಮೈಸೂರು ಯುದ್ಧದ ಕೊನೆ. ಟಿಪ್ಪು ರಾಜ್ಯದ ಅರ್ಧ ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕಟ್ಟಬೇಕು, ಅದು ತೀರುವ ತನಕ ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕು. ಅಬ್ದುಲ್ ಖಾಲಿಕ್‌ಗೆ ಹತ್ತರ ಆಸುಪಾಸು, ಮುಯಿಜುದ್ದೀನ್‌ಗೆ ಎಂಟರ ಆಸುಪಾಸು. ಇಬ್ಬರೂ ಆನೆಯ ಮೇಲೆ ಕೋಟೆಯಿಂದ ಹೊರಟರು. ತೋಪುಗಳು ಹಾರಿದವು. ಡೇರೆಯ ಬಾಗಿಲಲ್ಲಿ ಕಾರ್ನ್‌ವಾಲಿಸ್ ಇಬ್ಬರನ್ನೂ ಕೈಹಿಡಿದು ಒಳಗೆ ಕರೆದೊಯ್ದು ಅಕ್ಕಪಕ್ಕ ಕೂರಿಸಿಕೊಂಡ. ಜೊತೆಗೆ ಬಂದ ವಕೀಲ ಗುಲಾಂ ಅಲಿ, ಇಂದು ಬೆಳಗಿನ ತನಕ ಇವರು ಸುಲ್ತಾನರ ಮಕ್ಕಳು, ಇನ್ನು ಮೇಲೆ ನಿಮ್ಮನ್ನೇ ತಂದೆ ಎಂದು ತಿಳಿಯಬೇಕು ಎಂಬ ಅರ್ಥದ ಮಾತಾಡಿ ಒಪ್ಪಿಸಿದ. ದೊರೆ ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ.

'ತಂದೆ' ಎಂಬ ಈ ಮಾತು ನಮ್ಮ ಸೀಮೆಗೂ ಗೊತ್ತು. ಬಳಗಾನೂರಿನಿಂದ ಬಹಳ ದೂರವಲ್ಲದ ಸುರಪುರದಲ್ಲಿ ಮುಂದೆ 1840ರ ದಶಕದಲ್ಲಿ ಎಳೆಯ ರಾಜ ವೆಂಕಟಪ್ಪ ನಾಯಕನನ್ನು ಸಾಕಿ ಆಡಳಿತ ನಡೆಸಿದವನು ಮೆಡೋಸ್ ಟೇಲರ್. ಹುಡುಗ ಅವನನ್ನು 'ಅಪ್ಪಾ' ಎನ್ನುತ್ತಿದ್ದ, ಊರವರು 'ಮಹದೇವ ಬಾಬಾ' ಎನ್ನುತ್ತಿದ್ದರು. ಟೇಲರ್ ಸ್ವತಃ ಚಿತ್ರ ಬರೆಯುತ್ತಿದ್ದವ. ಹುಡುಗ ಬೆಳೆದು 1858ರಲ್ಲಿ ಬ್ರಿಟಿಷರಿಗೆ ತಿರುಗಿಬಿದ್ದ, ಸೆರೆಯಾದ, ಅದೇ ವರ್ಷ ಗುಂಡೇಟಿನಿಂದ ಸತ್ತ. ಟೇಲರ್ ತನ್ನ ಆತ್ಮಕಥೆಯಲ್ಲಿ ಅವನ ಬಗ್ಗೆ ಮರುಗಿ ಬರೆದಿದ್ದಾನೆ. ಮರುಕ ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. ಆದರೂ ಅಪ್ಪ ಎನ್ನಿಸಿಕೊಂಡ ಪರದೇಶಿಗಳ ಚರಿತ್ರೆ ಓದುವಾಗಲೆಲ್ಲ ಒಂದು ಕಣ್ಣು ಮಗುವಿನ ಮೇಲೆ ಇಟ್ಟಿರಬೇಕೆನ್ನಿಸುತ್ತದೆ.

1792ರಲ್ಲಿ ನಮ್ಮ ರಾಯಚೂರು ದೋಆಬ್ ಹೈದರಾಬಾದಿನ ನಿಜಾಮರ ಕೈಯಲ್ಲಿತ್ತು. ನಿಜಾಮರು ಆಗ ಇಂಗ್ಲಿಷರ ಕಡೆ. ಅವರ ಪಡೆ, ಕಂಪನಿಯ ತುಕಡಿಯ ಜೊತೆಗೂಡಿ, ಟಿಪ್ಪುವಿನ ಕೊಪ್ಪಳ ಕೋಟೆಗೆ 1790ರ ಕೊನೆಯಲ್ಲಿ ಮುತ್ತಿಗೆ ಹಾಕಿ 1791ರ ಏಪ್ರಿಲ್‌ನಲ್ಲಿ ಹಿಡಿಯಿತು. ಶ್ರೀರಂಗಪಟ್ಟಣದ ಡೇರೆಗಳಲ್ಲಿ ನಿಜಾಮರ ಡೇರೆಗಳೂ ಇದ್ದವು. ಹುಡುಗರನ್ನು ಒತ್ತೆ ಇಟ್ಟು ಹುಟ್ಟಿಸಿದ ಹಣದಲ್ಲಿ ಕಂಪನಿಗೆ, ಪೇಶ್ವೆಗೆ, ನಿಜಾಮರಿಗೆ ಪಾಲಾಯಿತು. ಶಾಲೆಯಲ್ಲಿ ಟಿಪ್ಪುವಿನ ಮಕ್ಕಳ ಪಾಠ ಓದುವಾಗ ನಾವೆಲ್ಲ ಕಣ್ಣು ಒದ್ದೆ ಮಾಡಿಕೊಂಡಿದ್ದೆವು. ನಮ್ಮ ಸೀಮೆ ಆಗ ಯಾರ ಕಡೆ ನಿಂತಿತ್ತು ಎಂದು ಮಾಸ್ತರರು ಹೇಳಲಿಲ್ಲ.

ಈ ಸುದ್ದಿ ಲಂಡನ್ ಮುಟ್ಟಿದ್ದೇ ತಡ, ಚಿತ್ರಗಾರರಿಗೆ ಸುಗ್ಗಿ. ಮ್ಯಾಥರ್ ಬ್ರೌನ್, ಹೆನ್ರಿ ಸಿಂಗಲ್‌ಟನ್, ಜಾರ್ಜ್ ಕಾರ್ಟರ್ ಎಲ್ಲರೂ ಇದೇ ವಸ್ತು ಹಿಡಿದರು. ಬ್ರೌನ್ ಒತ್ತೆಯ ದೃಶ್ಯವನ್ನಷ್ಟೇ ಬರೆದು ಬಿಡಲಿಲ್ಲ, ಹುಡುಗರು ಜನಾನಾದಿಂದ ಹೊರಡುವುದನ್ನೂ ಬರೆದ. ಗಂಡಾಳು ಕಾಲಿಡದ ಅಂತಃಪುರವದು. ಊರಿನ ಗಂಡಸರೇ ಕಾಣದ ಜಾಗವನ್ನು ಲಂಡನ್ನಿನ ಕೋಣೆಯಲ್ಲಿ ಕುಳಿತು ಕಂಡವನು ಇವನು. ಡೇನಿಯಲ್ ಓರ್ಮ್ ಅದನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿ ಮಾರಿದ. ಕ್ಯೂಕ್ಲರ್ ಎಂಬ ಕಮ್ಮಟದ ಕಲಾವಿದ ಒತ್ತೆಯ ದೃಶ್ಯದ ಪದಕ ಅಚ್ಚೊತ್ತಿಸಿದ. ಚೆನ್ನೈಗೆ ಹೋದವರು ಸೇಂಟ್ ಜಾರ್ಜ್ ಕೋಟೆಯ ಸಂಗ್ರಹಾಲಯದಲ್ಲಿ ಥಾಮಸ್ ಬ್ಯಾಂಕ್ಸ್ ಕೆತ್ತಿದ ಕಾರ್ನ್‌ವಾಲಿಸ್‌ನ ಪ್ರತಿಮೆ ನೋಡಿರಬಹುದು. ತಲೆಯೆತ್ತಿ ದೊರೆಯನ್ನು ನೋಡಿ ಮುಂದೆ ಹೋಗುತ್ತಾರೆ. ಕೆಳಗೆ, ಪೀಠದ ಉಬ್ಬುಚಿತ್ರದಲ್ಲಿ ಆ ಹುಡುಗರಿದ್ದಾರೆ.

ಈ ಎಲ್ಲರ ನಡುವೆ ಕಣ್ಣಾರೆ ಕಂಡು ಬರೆದವನು ರಾಬರ್ಟ್ ಹೋಮ್. 1791ರಲ್ಲಿ ಮದ್ರಾಸಿಗೆ ಬಂದಿಳಿದು ಕಾರ್ನ್‌ವಾಲಿಸ್‌ನ ದಂಡಿನ ಬೆನ್ನು ಹತ್ತಿದ. ಅವನ ದೊಡ್ಡ ಚಿತ್ರ ಈಗ ಲಂಡನ್ನಿನ ರಾಷ್ಟ್ರೀಯ ಸೇನಾ ಸಂಗ್ರಹಾಲಯದಲ್ಲಿದೆ. ಆನೆ, ಡೇರೆ, ಪೇಟ, ಕೆಂಪುಕೋಟಿನ ಅಧಿಕಾರಿಗಳ ಸಂತೆ. ನಡುವೆ ಕಾರ್ನ್‌ವಾಲಿಸ್ ಹುಡುಗನ ಕೈ ಹಿಡಿದಿದ್ದಾನೆ. ಎಡ ತುದಿಯಲ್ಲಿ ಚಿತ್ರಗಾರ ತನ್ನನ್ನೂ ಬರೆದುಕೊಂಡಿದ್ದಾನೆ. ಮದುವೆ ಫೋಟೋದಲ್ಲಿ ಕೊನೆಗೆ ಓಡಿಬಂದು ನಿಂತ ಫೋಟೋಗ್ರಾಫರನ ಹಾಗೆ. ಆದರೆ ಹೋಮ್ ಬರೆದ ಹುಡುಗರಲ್ಲಿಯೂ ಭಯವಿಲ್ಲ, ನಿದ್ದೆಗೆಟ್ಟ ಕಣ್ಣಿಲ್ಲ. ದುಡ್ಡು ಕೊಟ್ಟು ಚಿತ್ರ ಕೊಳ್ಳುವವನಿಗೆ ಬೇಕಾಗಿದ್ದದ್ದು ಕರುಣಾಳು ದೊರೆ, ನಂಬಿದ ಮಕ್ಕಳು. ಯುದ್ಧದಲ್ಲಿ ಸೋತವನ ಮಕ್ಕಳನ್ನು ಎತ್ತಿಕೊಂಡು ಹೋದದ್ದು ಹೀಗೆ ಕೈಹಿಡಿದು ಬರಮಾಡಿಕೊಂಡದ್ದಾಗಿ ಗೋಡೆಗೇರಿತು.

ಹಾಗಾದರೆ ಆ ಹುಡುಗರು ಹೇಗಿದ್ದರು? ದಂಡಿನಲ್ಲಿದ್ದ ಮೇಜರ್ ಡಿರೋಮ್ ಎಂಬ ಅಧಿಕಾರಿ 1793ರಲ್ಲಿ ಆ ದಂಡಯಾತ್ರೆಯ ವೃತ್ತಾಂತವನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಬಿಳಿ ಮಸ್ಲಿನ್ ಅಂಗಿ, ಕೆಂಪು ರುಮಾಲು, ಕೊರಳಲ್ಲಿ ಮುತ್ತಿನ ಸರ, ಸರದ ನಡುವೆ ಮಾಣಿಕ್ಯ ಮತ್ತು ಪಚ್ಚೆ ಎಂದೆಲ್ಲ ವಿವರ ಕೊಡುತ್ತಾನೆ. ದೊಡ್ಡವನು ಕಪ್ಪಗಿದ್ದ, ದಪ್ಪ ತುಟಿ, ಚಪ್ಪಟೆ ಮೂಗು, ಉದ್ದ ಮುಖ. ಚಿಕ್ಕವನು ಕೆಂಪಗೆ, ದುಂಡು ಮುಖ, ದೊಡ್ಡ ಕಣ್ಣು. ನೋಡಿದವರೆಲ್ಲ ಚಿಕ್ಕವನನ್ನು ಹೆಚ್ಚು ಮೆಚ್ಚಿದರು ಎಂದೂ ಸೇರಿಸುತ್ತಾನೆ. ಇದನ್ನು ಓದಿದಾಗ ನಮ್ಮ ಕಾಕಾನ ಕೆನ್ನೆಯ ಗುಲಾಬಿ ನೆನಪಾಯಿತು.

ಆದರೆ ಅದೇ ಪುಸ್ತಕದಲ್ಲಿ ಮುಂದೆ ಒಂದು ಪ್ರಸಂಗ ಬರುತ್ತದೆ. ಮಾರ್ಚ್ ತಿಂಗಳು. ನಡುವೆ ಕೊಡಗನ್ನು ಬಿಟ್ಟುಕೊಡುವ ಮಾತು ಬಂದು ಒಪ್ಪಂದ ಮುರಿಯುವ ಹಂತಕ್ಕೆ ಹೋಗಿತ್ತು. ಆಗ ಕಾರ್ನ್‌ವಾಲಿಸ್ ಹುಡುಗರ ಕಾವಲುಗಾರರ ಆಯುಧ ಕಿತ್ತುಕೊಂಡು, ಹುಡುಗರನ್ನು ಬೆಂಗಳೂರಿನ ದಾರಿಯಲ್ಲಿ ಸಾಗಿಸಲು ಹೊರಟಿದ್ದ. ಗಡಿಯಾರ ಕೊಟ್ಟ ಕೈಯೇ! ಟಿಪ್ಪು ಮಣಿದ. ಒಪ್ಪಂದದ ಕಾಗದಗಳನ್ನು ಹುಡುಗರ ಕೈಯಿಂದಲೇ ಕೊಡಿಸಿದರು. ದೊಡ್ಡವನು, ಆ ಕಪ್ಪು ಹುಡುಗ, ನಿಜಾಮರ ಮತ್ತು ಮರಾಠರ ವಕೀಲರಿಗೆ ಅವರವರ ಪ್ರತಿ ಕೊಟ್ಟ. ಮರಾಠರ ವಕೀಲ ಏನೋ ಗೊಣಗಿದ ಹಾಗೆ ಕೇಳಿಸಿತು. ಯಾತಕ್ಕೆ ಗೊಣಗುತ್ತೀ ಎಂದು ಹುಡುಗ ಕೇಳಿದ. ಉತ್ತರಕ್ಕೂ ಕಾಯಲಿಲ್ಲ. ಸುಮ್ಮನಿದ್ದರೆ ಒಳ್ಳೆಯದು, ನಿಮ್ಮ ಧಣಿಗಳಿಗೆ ಬೇಜಾರಾಗಲು ಇದರಲ್ಲಿ ಏನೂ ಇಲ್ಲ ಎಂಬ ಅರ್ಥದಲ್ಲಿ ಅಂದುಬಿಟ್ಟ.

ಹತ್ತು ವರ್ಷದ ಹುಡುಗ. ಅಪ್ಪನ ಅರ್ಧ ರಾಜ್ಯವನ್ನು ತನ್ನ ಕೈಯಿಂದಲೇ ಕೊಡುತ್ತಿದ್ದಾನೆ, ಕೊಡುವಾಗ ತೆಗೆದುಕೊಳ್ಳುವವನ ಮುಖಕ್ಕೆ ಹೊಡೆದಂತೆ ಮಾತಾಡುತ್ತಿದ್ದಾನೆ. ಆ ಗದರಿಕೆಯಲ್ಲಿ ಕೈಹಿಡಿದು ನಡೆಸುವ ಕರುಣಾಳು ದೊರೆಗೆ ಜಾಗವಿಲ್ಲ. ನಿಜಾಮರ ವಕೀಲನೂ ಅಲ್ಲಿದ್ದ. ನಮ್ಮ ಸೀಮೆಯ ಪರವಾಗಿ ಅವನೂ ಸುಮ್ಮನೆ ಕಾಗದ ತೆಗೆದುಕೊಂಡನೆಂದೇ ಕಾಣುತ್ತದೆ.

ಮದ್ರಾಸಿನಲ್ಲಿ ಎರಡು ವರ್ಷ ಇದ್ದು, ಹಣ ಸಂದಾಯವಾದ ಮೇಲೆ, 1794ರ ಮಾರ್ಚ್‌ನಲ್ಲಿ ಹುಡುಗರು ದೇವನಹಳ್ಳಿಯಲ್ಲಿ ಅಪ್ಪನ ಬಳಿಗೆ ಮರಳಿದರು. ಐದು ವರ್ಷ ಕಳೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯೊಳಕ್ಕೆ ಹೋದ ಮೇಜರ್ ಅಲನ್‌ಗೆ ಮುಯಿಜುದ್ದೀನ್ ಗುರುತು ಸಿಕ್ಕಿತು. ಒತ್ತೆಯ ದಿನಗಳಲ್ಲಿ ನೋಡಿದ್ದ. ಅಂಜಬೇಡ ಎಂದು ಅವನ ಕೈ ಹಿಡಿದುಕೊಂಡ. ಈ ಅಲನ್ ಕೂಡ ಚಿತ್ರ ಬರೆಯುವವನೇ. ಮೈಸೂರು ಸೀಮೆಯ ಗುಡ್ಡ ಮತ್ತು ಕೋಟೆಗಳ ಅವನ ಚಿತ್ರಗಳು 1794ರಲ್ಲಿ ಅಚ್ಚಾಗಿದ್ದವು. ಹಿಡಿದ ಕೈಯ ಹಿಂದೆ ಹುಡುಗರು ವೇಲೂರಿಗೆ ಹೋದರು. 1806ರ ವೇಲೂರಿನ ಸಿಪಾಯಿಗಳ ದಂಗೆಯ ನಂತರ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಿದರು.

ಟಿಪ್ಪುವಿನ ಮನೆಯ ಮಕ್ಕಳು ಹೊರಟುಹೋದ ಊರಿನಲ್ಲಿ 1799ರ ಜೂನ್ 30ರಂದು ಇನ್ನೊಂದು ಮಗುವನ್ನು ಗಾದಿಗೆ ಕೂರಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಐದು ವರ್ಷವೂ ತುಂಬಿರಲಿಲ್ಲ. ಐರ್ಲೆಂಡಿನ ಚಿತ್ರಗಾರ ಥಾಮಸ್ ಹಿಕಿ ಆ ಕಾಲದಲ್ಲಿ ಈ ಕಡೆ ಇದ್ದ. ಟಿಪ್ಪುವಿನ ಮಕ್ಕಳನ್ನೂ ಬರೆದ, ಮೈಸೂರಿನ ಹೊಸ ದರ್ಬಾರನ್ನೂ ಬರೆದ. 1805ರ ಸುಮಾರಿಗೆ ಬರೆದ ಮೂವರು ಹೆಂಗಸರ ಚಿತ್ರವೊಂದು ಅವನದು. ಬಹಳ ಕಾಲ ಅವರನ್ನು ನರ್ತಕಿಯರೋ ಏನೋ ಎಂದುಕೊಂಡಿದ್ದರು. ಈಚೆಗೆ ಚರಿತ್ರಕಾರ ನೈಜೆಲ್ ಚಾನ್ಸಲರ್ ಬೇರೆಯೇ ಅರ್ಥ ಹೇಳಿದರು. ನಡುವೆ ಇರುವವರು ಅಜ್ಜಿ ಲಕ್ಷ್ಮಮ್ಮಣ್ಣಿ, ಎರಡು ಬದಿಗಿರುವವರು ಬಾಲಕ ದೊರೆಯ ಬಾಲಕಿ ರಾಣಿಯರು. ಬಲಗಡೆಯ ಹುಡುಗಿ ದೇವಾಜಮ್ಮಣ್ಣಿ ಸೀರೆ ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ಹೊಸ ಚುಚ್ಚುಮದ್ದು ಹಾಕಿಸಿಕೊಂಡ ಜಾಗವನ್ನು. ಚಾನ್ಸಲರ್ ಮಾತು ನಂಬುವುದಾದರೆ, ಹನ್ನೆರಡರ ಆಸುಪಾಸಿನ ಈ ಹುಡುಗಿಯ ಚಿತ್ರ ಕಂಪನಿಯ ಲಸಿಕೆಯ ಜಾಹೀರಾತು. ಲಕ್ಷ್ಮಮ್ಮಣ್ಣಿಯವರು ತಮ್ಮ ಗಂಡನನ್ನು ಸಿಡುಬಿಗೆ ಕಳೆದುಕೊಂಡವರು. ಆದ್ದರಿಂದ ಅರಮನೆಯ ಹೆಂಗಸರಿಗೂ ಅದರಲ್ಲಿ ಮನಸ್ಸಿತ್ತು ಎನ್ನಬೇಕು. ನಾನು ಈ ಚಿತ್ರವನ್ನು ಒತ್ತೆಯ ಚಿತ್ರಗಳ ಸಾಲಿಗೆ ಹಾಕುವುದಿಲ್ಲ. ಇಲ್ಲಿ ಕೈ ಆ ಹುಡುಗಿಯದೇ.

ಸಿಡುಬಿನ ಮಾತು ಬಂದರೆ ಅಮೆರಿಕದ ಇನ್ನೊಂದು ಚಿತ್ರ ಬಿಡಲಾಗದು. ಚಿತ್ರಗಾರ ಚಾರ್ಲ್ಸ್ ವಿಲ್ಸನ್ ಪೀಲ್‌ನ ಎಳೆಯ ಮಗಳು ಮಾರ್ಗರೆಟ್ 1772ರಲ್ಲಿ ಸಿಡುಬಿನಿಂದ ತೀರಿಹೋದಳು. ಅಪ್ಪ ಸತ್ತ ಕೂಸನ್ನು ಬರೆದ. ಆಮೇಲೆ ಚಿತ್ರ ದೊಡ್ಡದು ಮಾಡಿ, ಪಕ್ಕದಲ್ಲಿ ಕಣ್ಣೀರು ಹಾಕುವ ಹೆಂಡತಿ ರೇಚಲ್‌ಳನ್ನು ಸೇರಿಸಿದ. ಬಿಳಿಬಟ್ಟೆಯ ಕೂಸು, ಬದಿಗೆ ಕಟ್ಟಿದ ಕೈಗಳು. ಈಗ ಫಿಲಡೆಲ್ಫಿಯಾದ ಸಂಗ್ರಹಾಲಯದಲ್ಲಿದೆ. ತನ್ನ ಚಿತ್ರಶಾಲೆಯಲ್ಲಿ ಪೀಲ್ ಅದಕ್ಕೊಂದು ಪರದೆ ಇಳಿಬಿಟ್ಟಿದ್ದ. ಬಂದವರೆಲ್ಲ ನೋಡಲಿ ಎಂದು ಬರೆದ ಚಿತ್ರ ಅದಲ್ಲ. ನಮ್ಮೂರಲ್ಲಿ ಹಳೆಯ ಮುದುಕಿಯರು ಸಿಡುಬು ಎನ್ನುತ್ತಿರಲಿಲ್ಲ, "ಅಮ್ಮ ಬಂದಾಳ" ಎನ್ನುತ್ತಿದ್ದರು. ಅಮ್ಮ ಬಂದು ಹೋದ ಮನೆಗಳಲ್ಲಿ ಕೂಸುಗಳ ಗುರುತು ಉಳಿಯಲು ಚಿತ್ರವಿರಲಿಲ್ಲ, ಫೋಟೋ ಇರಲಿಲ್ಲ. ಹೊಲದ ಬದುವಿನಲ್ಲಿ ಒಂದು ಕಲ್ಲಿದ್ದರೆ ಹೆಚ್ಚು.

ಕಳೆದ ಸಲ ಊರಿಗೆ ಹೋದಾಗ ಫೋಟೋ ಕೆಳಗಿಳಿಸಿ ಗಾಜು ಒರೆಸಿದೆ. ಕಟ್ಟಿನ ಒಳಗೆ ಗೆದ್ದಲು ಹತ್ತಿತ್ತು. ಮೂಲೆ ಬಿಚ್ಚಿ ನೋಡಿದರೆ ಸ್ಟುಡಿಯೋದವನು ಎಡಗಡೆಯನ್ನು ರಟ್ಟಿನ ಅಡಿ ಮಡಚಿದ್ದ. ಮಡಿಕೆ ಬಿಡಿಸಿದಾಗ ಮೊಣಕೈ ಕಂಡಿತು, ತೋಳು ಕಂಡಿತು, ಸೆರಗಿನ ಅಂಚು ಕಂಡಿತು. ಮುಖ ಇರಲಿಲ್ಲ, ಅದಕ್ಕೆ ಮೊದಲೇ ಕಾಗದ ಮುಗಿದಿತ್ತು. ದೊಡ್ಡವ್ವನ ಕಣ್ಣು ಈಗ ಮಂಜು. ಹತ್ತಿರ ಹಿಡಿದೆ.

"ಇದು ಯಾರ ಕೈ ದೊಡ್ಡವ್ವ?"

ಬೆರಳಿನಿಂದ ಸವರಿ ನೋಡಿದಳು, ಫೋಟೋ ಕೈಗೆ ತಿಳಿಯುತ್ತದೆ ಎನ್ನುವ ಹಾಗೆ.

"ನಂದಽ. ಕನ್ನಡಿ ನೋಡಿ ಅಂಜಿ ಅಳಾಕ ಹತ್ತಿದ್ದ. ಬಿಟ್ರ ಓಡಿ ಹೋಗ್ತಿದ್ದ. ಗಟ್ಟೇಗೆ ಹಿಡ್ಕಂಡಿದ್ದೆ ನೋಡು."

ಗಾಜಿನ ಒಳಗೆ ಕಾಕಾ ನಗುತ್ತಲೂ ಇಲ್ಲ, ಅಳುತ್ತಲೂ ಇಲ್ಲ. ಕೆನ್ನೆ ಗುಲಾಬಿಯಾಗಿತ್ತು. ಮಡಿಕೆಯನ್ನು ಮತ್ತೆ ಮಡಚದೆ, ದೊಡ್ಡದೊಂದು ಕಟ್ಟು ಹಾಕಿಸಲೆಂದು ಸಿಂಧನೂರಿಗೆ ಒಯ್ದೆ.